ನಾಲ್ಕನೇ ಕೋಣೆಯ ಕಿಟಕಿಯಲ್ಲಿ ಒಂದು ಲೋಟ ನೀರು

ಬೆಂಗಳೂರಿನ ಪಕ್ಕದ ವಿಜಯಪುರದ ಬಸ್ ನಿಲ್ದಾಣದಲ್ಲಿ ಇಳಿದು ಹತ್ತು ಹೆಜ್ಜೆ ಹಾಕಿದರೆ ರೇಷ್ಮೆಗೂಡು ಬೇಯುವ ವಾಸನೆ ಬರುತ್ತದೆ. ಹುಳ ಸತ್ತ ಬಿಸಿನೀರಿನ ವಾಸನೆ ಅದು. ಆ ಊರಿನವರಿಗೆ ಅದೇ ಅನ್ನದ ವಾಸನೆ, ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ. ಮೊನ್ನೆ ಶಿಕ್ಷಕರ ತರಬೇತಿಯೊಂದಕ್ಕೆ ಹೋಗಿ ಅಲ್ಲಿ ಇಳಿದಾಗ ನನ್ನ ಕೈ ತಾನಾಗಿಯೇ ಮುಖದ ಮೇಲೆ ಹೋಯಿತು, ಮಾಸ್ಕ್ ಸರಿಯಾಗಿದೆಯೇ ಎಂದು ನೋಡಲು. ಮಾಸ್ಕ್ ಇರಲಿಲ್ಲ. ಅದನ್ನು ಬಿಸಾಕಿ ಎಷ್ಟೋ ಕಾಲವಾಗಿದೆ. ತರಬೇತಿ ಮುಗಿದ ಮೇಲೆ ಊರಿಗೆ ಹೋಗುವ ಬಸ್ಸು ಬಿಟ್ಟು, ಎದುರು ದಿಕ್ಕಿನ ಬಸ್ಸು ಹತ್ತಿದೆ.

ಕೊರೊನಾದಲ್ಲಿ ಬೀಗ ಬಿದ್ದಿದ್ದ ಶಾಲೆಗಳು ಮತ್ತೆ ತೆರೆದ ವರ್ಷ ನಾನು ಆ ಕಡೆ ಕೆಲಸ ಮಾಡುತ್ತಿದ್ದೆ. ವಿಶೇಷ ಶಿಕ್ಷಣ ಓದಿಕೊಂಡು ಕೈಕಟ್ಟಿ ಕೂತಿದ್ದ ನನಗೆ ಒಂದು ಸಂಶೋಧನಾ ಯೋಜನೆಯಲ್ಲಿ ಜಾಗ ಸಿಕ್ಕಿತ್ತು. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಬೇಕು, ದಿನಕ್ಕೊಂದು ಗಂಟೆ ಅವರಿಗೆ ಪರಿಹಾರ ಬೋಧನೆ ಮಾಡಬೇಕು, ತಿಂಗಳಿಗೊಮ್ಮೆ ಪರೀಕ್ಷಿಸಿ ಅಂಕಗಳನ್ನು ಬೆಂಗಳೂರಿಗೆ ಕಳಿಸಬೇಕು. ಯಾವ ವಿಧಾನದಲ್ಲಿ ಕಲಿಸಿದರೆ ಮಕ್ಕಳು ಬೇಗ ಕಲಿಯುತ್ತಾರೆ ಎಂದು ಅದನ್ನು ನೋಡಿ ನಮ್ಮ ಪ್ರೊಫೆಸರು ಬರೆಯುತ್ತಾರೆ. “ಸಂಶೋಧನೆಗೂ ತರಗತಿಗೂ ನಡುವಿನ ಸೇತುವೆ ನೀನು” ಎಂದು ಅವರು ನನಗೆ ಹೇಳಿದ್ದರು. ನಮ್ಮ ತ್ಯಾಮಗೊಂಡ್ಲು ಕಡೆ ಮಳೆ ಬಂದರೆ ಮೊದಲು ಮುಳುಗುವುದೇ ಸೇತುವೆ. ಅದು ಆಗ ನೆನಪಾಗಲಿಲ್ಲ, ನಾನು ಹೆಮ್ಮೆಯಿಂದ ಬೀಗಿದೆ.

ವಿಜಯಪುರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಶಾಲೆ ಅಲ್ಲಿಂದ ಬಸ್ಸಿನಲ್ಲಿ ಕಾಲು ಗಂಟೆಯ ದೂರ, ದ್ರಾಕ್ಷಿ ಚಪ್ಪರಗಳ ನಡುವಿನ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬೇಡ. ನಾಲ್ಕು ಕೋಣೆಯ ಸರ್ಕಾರಿ ಶಾಲೆ. ಮೊದಲ ದಿನ ಬೀಗ ತೆಗೆದಾಗ ಒಳಗಿನಿಂದ ಬಾವಲಿಯ ಘಾಟು ಬಂತು. ಕಪ್ಪು ಹಲಗೆಯ ಮೇಲೆ ಶಾಲೆ ಮುಚ್ಚಿದ ದಿನದ ತಾರೀಖು, ಅಂದಿನ ಹಾಜರಿ, ಗೈರುಹಾಜರಿ, ಎಲ್ಲ ಸೀಮೆಸುಣ್ಣದಲ್ಲಿ ಹಾಗೇ ಇದ್ದವು. ಮೂಲೆಯಲ್ಲಿ ಒಂದು ಮಗುವಿನ ಚಪ್ಪಲಿ ಬಿದ್ದಿತ್ತು, ಒಂದೇ ಕಾಲಿನದು. ಮಕ್ಕಳು ಬಂದು ಕೂತರು. ಎಲ್ಲರ ಮುಖದ ಕೆಳಗರ್ಧಕ್ಕೂ ಬಟ್ಟೆ. ಕೋಣೆಯಲ್ಲಿ ಎಲ್ಲೋ ಒಂದು ಧ್ವನಿ ಏಳುತ್ತಿತ್ತು, ಯಾರದೆಂದು ನೋಡಿದರೆ ಎಲ್ಲ ಕಣ್ಣುಗಳೂ ಒಂದೇ ಥರ ನನ್ನನ್ನು ನೋಡುತ್ತಿದ್ದವು. ಮಾತಾಡಿದವರು ಯಾರೆಂದು ಗೊತ್ತಾಗುತ್ತಲೇ ಇರಲಿಲ್ಲ.

ನಾಲ್ಕನೇ ಕೋಣೆಯ ಸೂರು ಸೋರುತ್ತಿತ್ತು, ಅದಕ್ಕೆ ಬೀಗ ತೆಗೆದಿರಲಿಲ್ಲ. ಅದರ ಗಾಜಿನ ಕಿಟಕಿಯ ಹೊರಗಡೆ, ಕಟ್ಟೆಯ ಮೇಲೆ, ಒಂದು ಸ್ಟೀಲ್ ಲೋಟದಲ್ಲಿ ನೀರಿತ್ತು. ತುಂಬಿ ತುಳುಕುವಂತೆ ಇಟ್ಟಿದ್ದರು. ಮಾರನೇ ದಿನವೂ ಇತ್ತು, ಅದರ ಮಾರನೇ ದಿನವೂ. ಬಿಸಿಯೂಟದ ಅಡುಗೆ ಮಾಡುವ ಅಕ್ಕಯ್ಯಮ್ಮನನ್ನು ಕೇಳಿದೆ.

“ಯಾರ್ ಇಡ್ತಾರೋ ಗೊತ್ತಿಲ್ಲ ಕಣ್ ಮೇಡಂ. ಬೆಳಿಗ್ಗೆ ತುಂಬಿರ್ತೈತೆ, ಸಂಜೆಗೆ ಕಮ್ಮಿಯಾಗಿರ್ತೈತೆ. ಆ ಕೋಣೇಲಿ ಯಾರವ್ರೆ ಕುಡಿಯಾಕೆ?”

“ಗುಬ್ಬಿ ಕುಡಿದಿರುತ್ತೆ ಬಿಡಿ.”

“ಗುಬ್ಬಿ ಎಲ್ಲವ್ವೆ ಮೇಡಂ ಈಗ?”

ನಾನು ನಕ್ಕೆ. ದೆವ್ವಭೂತ ನಂಬುವವಳಲ್ಲ ನಾನು. ಆದರೆ ಅಂದಿನಿಂದ ಶೌಚಾಲಯಕ್ಕೆ ಹೋಗುವಾಗ ಶಾಲೆಯನ್ನು ಆ ಕಡೆಯಿಂದ ಬಳಸದೆ ಈ ಕಡೆಯಿಂದ ಬಳಸಿ ಹೋಗತೊಡಗಿದೆ. ದೂರವಾಗುತ್ತಿತ್ತು, ಆದರೂ.

ಸಿಂಚನಳನ್ನು ಮೊದಲು ಸರಿಯಾಗಿ ನೋಡಿದ್ದು ಪರೀಕ್ಷೆಯ ದಿನ. ಆರನೇ ತರಗತಿ, ಹನ್ನೊಂದು ವರ್ಷ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅಪ್ಪ ಇಲ್ಲ. ತಾಯಿ ರತ್ನಮ್ಮ ವಿಜಯಪುರದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಗೆ ಹೋಗುತ್ತಿದ್ದರು. ಜೊತೆಗಿದ್ದ ಅಜ್ಜಿ, ರತ್ನಮ್ಮನ ತಾಯಿ, ಆ ಬೇಸಿಗೆಯಲ್ಲಿ ಎರಡನೇ ಅಲೆಯಲ್ಲಿ ಆಸ್ಪತ್ರೆ ಸೇರಿದವರು ಮನೆಗೆ ಬಂದಿರಲಿಲ್ಲ.

ನನ್ನ ಹತ್ತಿರ ಒಂದು ಕೈಪಿಡಿ ಇತ್ತು. ಮೊದಲ ಪುಟದಲ್ಲಿ ಕೆಲವು ಚೌಕಗಳು, ಅವಕ್ಕೆ ಟಿಕ್ ಹಾಕಬೇಕು. ಸಾಲಿನಲ್ಲಿ ಅಷ್ಟು ಮಕ್ಕಳು ನಿಂತಿದ್ದರು, ಯಾರ ಹತ್ತಿರವೂ ಹೋಗಬಾರದೆಂಬ ನಿಯಮ ಬೇರೆ. ಹಳೆಯ ಆರೋಗ್ಯ ಶಿಬಿರದ ಕಾರ್ಡು ನೋಡಿಕೊಂಡು ಎಲ್ಲರಿಗೂ ಒಂದೇ ಏಟಿಗೆ ಟಿಕ್ ಹಾಕಿ ಮುಗಿಸಿದೆ. ಆಮೇಲೆ ನಿಜವಾದ ಪರೀಕ್ಷೆ. ನಾನು ಒಂದು ಪದ ಹೇಳುತ್ತೇನೆ, ಮಗು ಆ ಪದವನ್ನು ಕಾರ್ಡಿನಲ್ಲಿ ತೋರಿಸಬೇಕು. ಇನ್ನು ಕೆಲವನ್ನು ನಾನು “ಶುರು ಮಾಡು” ಎಂದರೆ ತಾನೇ ಓದಬೇಕು. ಮೂರು ಸೆಕೆಂಡು ಕಾದು ಉತ್ತರ ಬರದಿದ್ದರೆ ಮುಂದಿನದಕ್ಕೆ ಹೋಗಬೇಕು. ಸುಳಿವು ಕೊಡುವ ಹಾಗಿಲ್ಲ, ಮುಟ್ಟುವ ಹಾಗಿಲ್ಲ.

“ಶುರು ಮಾಡು,” ಎಂದೆ.

ಅವಳು ಕಾರ್ಡಿನ ಕಡೆ ನೋಡಲಿಲ್ಲ. ನನ್ನ ಮಾಸ್ಕನ್ನು ನೋಡುತ್ತಿದ್ದಳು. ಕಣ್ಣನ್ನಲ್ಲ, ಮಾಸ್ಕನ್ನು, ಬಾಯಿ ಇರಬೇಕಾದ ಜಾಗವನ್ನು. ಮುಚ್ಚಿದ ಬಾಗಿಲ ಮುಂದೆ ಕೂತ ಬೆಕ್ಕು ಬಾಗಿಲನ್ನು ನೋಡುವ ಹಾಗೆ. ಮೂರು ಸೆಕೆಂಡು ಎಣಿಸಿದೆ. ಮುಂದಿನದಕ್ಕೆ ಹೋದೆ. ಮತ್ತೆ ಮೂರು ಸೆಕೆಂಡು. ಅವಳ ನೋಟ ಕದಲಲಿಲ್ಲ. ಕೊನೆಗೆ ಹಾಳೆಯ ಮೇಲೆ ಸೊನ್ನೆ ಬರೆದು, ಪಕ್ಕದಲ್ಲಿ ‘ಪ್ರತಿಕ್ರಿಯೆ ಇಲ್ಲ’ ಎಂದು ಸೇರಿಸಿ ಅವಳನ್ನು ಕಳಿಸಿದೆ.

ಅವಳ ಮೂರನೇ, ನಾಲ್ಕನೇ ತರಗತಿಯ ಅಂಕಗಳು ಚೆನ್ನಾಗಿದ್ದವು. ಅದನ್ನು ಹೇಳಿದಾಗ ಪ್ರೊಫೆಸರಿಗೆ ಹುರುಪು ಬಂತು. “ಓದ್ತಿದ್ದ ಹುಡುಗಿ, ಶಾಲೆ ಮುಚ್ಚಿದ ಮೇಲೆ ಸೊನ್ನೆ. ಕಲಿಕೆಯ ನಷ್ಟಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕೇನಮ್ಮ?” ಎಂದು ಫೋನಿನಲ್ಲಿ ಹೇಳಿದರು. ನನಗೂ ಹಾಗೇ ಅನ್ನಿಸಿತು. ಬೇಕಾದದ್ದು ಕೈಗೆ ಸಿಕ್ಕಿದಾಗ ಅದನ್ನು ತಿರುಗಿಸಿ ನೋಡುವವರು ಕಮ್ಮಿ.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಬಯಲುಸೀಮೆಯಲ್ಲಿ ಮಳೆ ಬಂದರೆ ಹಬ್ಬ. ಆ ವರ್ಷ ಹಬ್ಬ ಮುಗಿಯಲೇ ಇಲ್ಲ. ಬಹಳ ಕಾಲದಿಂದ ಜಾಲಿ ಬೆಳೆದಿದ್ದ ಕೆರೆ ತುಂಬಿ ಕೋಡಿ ಬಿತ್ತು, ಕೊಯ್ಯದೆ ನಿಂತ ರಾಗಿ ತೆನೆಯಲ್ಲೇ ಮೊಳೆಯಿತು. ಮಧ್ಯಾಹ್ನ ಎರಡಕ್ಕೇ ಕೋಣೆಯಲ್ಲಿ ಕತ್ತಲು, ಕರೆಂಟ್ ಇರುತ್ತಿರಲಿಲ್ಲ. ಆ ಕತ್ತಲಲ್ಲಿ ಮಾಸ್ಕ್ ಹಾಕಿದ ಮಕ್ಕಳಿಗೆ ಮಾಸ್ಕ್ ಹಾಕಿದ ನಾನು ಅಕ್ಷರ ಕಲಿಸುತ್ತಿದ್ದೆ. ಬೇರೆ ಮಕ್ಕಳು ನಿಧಾನವಾಗಿ ಹತ್ತಿದರು. ಸಿಂಚನ ಎರಡನೇ ತಿಂಗಳೂ ಸೊನ್ನೆ, ಮೂರನೇ ತಿಂಗಳೂ ಸೊನ್ನೆ.

ಮುಖ್ಯ ಶಿಕ್ಷಕಿ ವಿಮಲ ಮೇಡಂ ಗಟ್ಟಿ ಹೆಂಗಸು, ಸುಲಭಕ್ಕೆ ಬೆದರುವವರಲ್ಲ. ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. ಅವರ ತಂಗಿಯ ಮಗಳ ನಿಶ್ಚಿತಾರ್ಥ ಮುರಿದಿತ್ತು. ಹಿಂದಿನ ದಿನ ಆಫೀಸಿನಲ್ಲಿ ಕೂತು, ಕಿಟಕಿಯ ಗಾಜು ಮುಚ್ಚಿಕೊಂಡು, ಮಾಸ್ಕ್ ಇಳಿಸಿ ತಂಗಿಯ ಜೊತೆ ಫೋನಿನಲ್ಲಿ ಮಾತಾಡಿದ್ದರು. ಇವತ್ತು ಏಳನೇ ತರಗತಿಯ ಹುಡುಗಿಯರು, “ಮಿಸ್, ನಿಮ್ಮನೆ ಮದುವೆ ನಿಂತೋಯ್ತಂತೆ?” ಎಂದು ಕೇಳಿದ್ದರು. ಹೇಳಿದ್ದು ಯಾರು ಅಂದರೆ ಸಿಂಚನ.

“ನಾನು ಪಿಸುಗುಟ್ಟಿದ್ದು ರೀ. ಎದುರಿಗೆ ಕೂತೋರಿಗೂ ಕೇಳಲ್ಲ. ಆ ಹುಡುಗಿ ಮಳೆಯಲ್ಲಿ ನಲ್ಲಿ ಹತ್ರ ನಿಂತಿತ್ತು, ನೋಡಿದೀನಿ ನಾನು. ಕರೆದ್ರೆ ತಿರುಗಲ್ಲ, ಕೇಳಿದ್ರೆ ಉತ್ತರ ಕೊಡಲ್ಲ, ನನ್ನ ಮನೆ ವಿಷಯ ಮಾತ್ರ ಗೊತ್ತಾಗುತ್ತೆ. ಅದಕ್ಕೆ ಯಾರು ಹೇಳ್ತಾರೆ?”

ಇದಕ್ಕೆ ಅಕ್ಕಯ್ಯಮ್ಮನ ಹತ್ತಿರ ಉತ್ತರ ಇತ್ತು. ಅಜ್ಜಿ ಸತ್ತ ದಿನದಿಂದ ಆ ಹುಡುಗಿ ಮನೆಯಲ್ಲಿ “ಅಜ್ಜಿ ನೀರು ಕೇಳ್ತಾವ್ಳೆ” ಅನ್ನುತ್ತಾಳಂತೆ. “ಆ ಮುದುಕಿ ಪುಣ್ಯಾತ್ಗಿತ್ತಿ ಮೇಡಂ. ಶಿವಾ ಶಿವಾ ಅಂತ ದೇವ್ರ ಹೆಸ್ರು ಹೇಳ್ಕೊಂಡೇ ಹೋದ್ಲು. ರತ್ನಮ್ಮ ಮಗಳ ಜೊತೆ ಆಸ್ಪತ್ರೆ ಕಿಟಕಿ ಆಚೆ ನಿಂತ್ಕೊಂಡು ಕಣ್ಣಾರೆ ನೋಡವ್ಳೆ. ಅಂಥಾಕೆ ಯಾಕ್ ಬಂದು ನೀರು ಕೇಳ್ತಾಳೆ? ಇದು ಬೇರೆ ಏನೋ ಸೇರ್ಕೊಂಡೈತೆ.” ನಲ್ಲೂರಿನ ಹುಣಸೆ ತೋಪಿನ ಕಡೆ ಮಂತ್ರ ಹಾಕುವ ಯಾರೋ ಒಬ್ಬರ ಹತ್ತಿರ ಕರೆದುಕೊಂಡು ಹೋಗಿ ಕೈಗೆ ದಾರ ಕಟ್ಟಿಸಿದ್ದರಂತೆ. ಆ ಕಪ್ಪು ದಾರವನ್ನು ನಾನೂ ಅವಳ ಮಣಿಕಟ್ಟಿನಲ್ಲಿ ನೋಡಿದ್ದೆ.

ಮಾರನೇ ದಿನ ಬೇಗ ಬಂದೆ. ಅಂಗಳದಲ್ಲಿ ಇನ್ನೂ ಯಾರೂ ಇರಲಿಲ್ಲ. ಸಿಂಚನ ನಲ್ಲಿಯಲ್ಲಿ ಲೋಟ ತುಂಬಿಸಿ, ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಾಲ್ಕನೇ ಕೋಣೆಯ ಕಡೆ ಹೋದಳು. ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಬೆರಳ ಗೆಣ್ಣಿನಿಂದ ಗಾಜನ್ನು ಮೂರು ಸಲ ತಟ್ಟಿ, ಗಾಜಿಗೆ ಹಣೆ ಆನಿಸಿ ಒಳಗೆ ನೋಡುತ್ತಾ ನಿಂತಳು. ನಾನು ಹಿಂದಿನಿಂದ ಎರಡು ಸಲ ಕೂಗಿದೆ. ತಿರುಗಲಿಲ್ಲ. ಹೋಗಿ ಪಕ್ಕದಲ್ಲಿ ನಿಂತಾಗ ಗಾಜಿನಲ್ಲಿ ನನ್ನ ಅರ್ಧ ಮುಖ ಅವಳಿಗೆ ಕಂಡಿತು. ಬೆಚ್ಚಿದಳು.

“ಯಾರಿಗಮ್ಮ ಇದು?”

ನನ್ನ ಮಾಸ್ಕನ್ನು ನೋಡಿದಳು. ಆಮೇಲೆ ನಾನು ಕೇಳಿದ್ದಕ್ಕಲ್ಲ, ತನ್ನಷ್ಟಕ್ಕೆ ತಾನೇ, ಕೊಂಚ ತೊದಲು ಧ್ವನಿಯಲ್ಲಿ ಹೇಳಿದಳು: “ಅಜ್ಜಿ ನೀರು ಕೇಳ್ತಾವ್ಳೆ.”

ಒಳಗೆ ಕತ್ತಲು. ಒಂದರ ಮೇಲೊಂದು ಪೇರಿಸಿದ ಮುರುಕು ಬೆಂಚುಗಳು. ಎಲ್ಲೋ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ಹೆದರಿಕೆಯಾಯಿತು.

ಆ ವಾರವೇ ರತ್ನಮ್ಮ ಶಾಲೆಗೆ ಬಂದರು. ನಲವತ್ತು ದಾಟಿರದ ಹೆಂಗಸು, ಕಣ್ಣಿನ ಸುತ್ತ ಕಪ್ಪು, ಸೆರಗಿನಲ್ಲಿ ರೇಷ್ಮೆ ಎಳೆ ಅಂಟಿಕೊಂಡಿತ್ತು. ಮಗಳನ್ನು ಸೋಮವಾರದಿಂದ ಕಳಿಸುವುದಿಲ್ಲ ಎಂದು ಹೇಳಲು ಬಂದಿದ್ದರು.

“ನಿಮ್ ಪರೀಕ್ಷೇಲೂ ಸೊನ್ನೆ ಬಂತಂತಲ್ಲ ಮೇಡಂ. ಮೂರ್ ಮೂರ್ ಸಲ. ಇನ್ನು ಇದಕ್ಕೆ ಏನ್ ಓದು ಹತ್ತೀತು? ನನ್ ಜೊತೆ ಮಿಷನ್ ಹತ್ರ ಇರ್ಲಿ. ಕಣ್ಮುಂದೆ ಇರ್ತಾಳೆ.”

ಹನ್ನೊಂದು ವರ್ಷದ ಮಗುವನ್ನು ಕಾರ್ಖಾನೆಗೆ ಕರೆದೊಯ್ಯುವ ಹಾಗಿಲ್ಲ ಎಂದು ವಿಮಲ ಮೇಡಂ ಹೇಳಬೇಕಿತ್ತು. ಅವರು ನನ್ನ ಕಡೆ ನೋಡಿ, “ಬೆಂಗಳೂರಿನ ಸಂಶೋಧನೆಯವರೇ ಬರೆದುಕೊಟ್ಟ ಮೇಲೆ ನಾನೇನು ಹೇಳಲಿ. ಸ್ವಲ್ಪ ದಿನ ಮನೇಲಿರ್ಲಿ” ಎಂದರು. ನನ್ನ ಮೂರು ಸೊನ್ನೆಗಳು ಮೇಜಿನ ಮೇಲಿದ್ದವು. ಶಾಲೆಯಿಂದ ಹುಡುಗಿಯನ್ನು ಹೊರಗೆ ಹಾಕುವ ಕಾಗದ ನಾನೇ ಬರೆದುಕೊಟ್ಟಿದ್ದೆ ಎಂದು ಆಗ ಹೊಳೆಯಿತು. ಹೊರಡುವಾಗ ರತ್ನಮ್ಮ ಮಗಳ ಭುಜ ತಟ್ಟಿ, ತಮ್ಮ ಮಾಸ್ಕ್ ಇಳಿಸಿ, ಸದ್ದಿಲ್ಲದೆ ಏನೋ ಅಂದರು. ಸಿಂಚನ ತಲೆಯಾಡಿಸಿ ಹೋಗಿ ಕೊಡೆ ತಂದಳು. ಅದನ್ನು ನಾನು ನೋಡಿದೆ. ನೋಡಿಯೂ ನೋಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಳೆ ಬಿಟ್ಟಿತ್ತು. ಶಿಕ್ಷಕರ ಕೋಣೆಯಲ್ಲಿ ಒಬ್ಬಳೇ ಕೂತು ಊಟ ಮುಗಿಸಿ, ಮಾಸ್ಕ್ ಪಕ್ಕದಲ್ಲಿಟ್ಟು, ಮುಂದಿನ ವಾರದ ಪದಪಟ್ಟಿ ನೋಡುತ್ತಿದ್ದೆ. ಓದುವಾಗ ತುಟಿ ಆಡಿಸುವ ಚಾಳಿ ನನಗೆ ಚಿಕ್ಕಂದಿನಿಂದ ಇದೆ, ಸದ್ದು ಬರುವುದಿಲ್ಲ. ಕಿಟಕಿಯ ಗಾಜು ಮುಚ್ಚಿತ್ತು. ಅಂಗಳದ ಆ ತುದಿಯಲ್ಲಿ ಹೊಂಗೆ ಮರದ ಕೆಳಗೆ ಸಿಂಚನ ತಟ್ಟೆ ಹಿಡಿದು ಕೂತಿದ್ದಳು. ಯಾರೂ ಅವಳ ಪಕ್ಕ ಕೂರುತ್ತಿರಲಿಲ್ಲ.

ಗರಿ, ಎಂದು ಓದಿಕೊಂಡೆ. ಗಡಿಗೆ. ಚಾಪೆ.

ಹೊರಗಿನಿಂದ ಒಂದು ಗಟ್ಟಿ ಧ್ವನಿ ಬಂತು. “ಚಾಪೆ.”

ತಲೆಯೆತ್ತಿದೆ. ಏನೋ ಆಟ ಇರಬೇಕು ಅಂದುಕೊಂಡು ಮತ್ತೆ ಪಟ್ಟಿಗೆ ಬಂದೆ. ಕೊಡಲಿ.

“ಕೊಡಲಿ,” ಅಂದಿತು ಹೊರಗಿನ ಧ್ವನಿ.

ಕೈಯಲ್ಲಿದ್ದ ಪಟ್ಟಿಯನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಹುಡುಗಿ ಕಿಟಕಿಯನ್ನೇ ನೋಡುತ್ತಿದ್ದಳು. ಪಟ್ಟಿಯಲ್ಲಿಲ್ಲದ, ಆ ಊರಿನಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವೇ ಇಲ್ಲದ ಒಂದು ಮಾತನ್ನು ನೆನೆದೆ. ತೀರಿಹೋದ ನನ್ನಪ್ಪ ಒಬ್ಬರೇ ನನ್ನನ್ನು ಕರೆಯುತ್ತಿದ್ದ ಹೆಸರು. ತುಟಿ ಮಾತ್ರ ಆಡಿತು.

“ಪುಟ್ಟಕ್ಕಿ,” ಎಂದು ಹೊಂಗೆ ಮರದ ಕೆಳಗಿನಿಂದ ಯಾರೋ ನನ್ನನ್ನು ಕರೆದರು.

ಗಾಬರಿಯಿಂದ ಸೆರಗು ತೆಗೆದು ಬಾಯಿಗೆ ಒತ್ತಿಕೊಂಡೆ. ಧ್ವನಿ ನಿಂತಿತು. ಸಿಂಚನ ಕತ್ತು ಓರೆ ಮಾಡಿ ನೋಡಿದಳು, ಆಮೇಲೆ ಬೇಸರದಿಂದ ತಟ್ಟೆಯ ಕಡೆಗೆ ತಿರುಗಿದಳು. ನನ್ನ ಬಾಯಿ ಕಂಡರೆ ಮಾತು, ಮುಚ್ಚಿದರೆ ಇಲ್ಲ. ದೆವ್ವ ಬಿಟ್ಟ ಹಾಗೆ ಒಂದೊಂದೇ ವಿಷಯ ತಿಳಿಯತೊಡಗಿತು.

ಅಡುಗೆಮನೆಗೆ ಓಡಿ ಒಂದು ತಟ್ಟೆ, ಸೌಟು ಎತ್ತಿಕೊಂಡೆ. ಸಿಂಚನಳ ಬೆನ್ನ ಹಿಂದೆ ನಿಂತು ಬಲವಾಗಿ ಬಡಿದೆ. ಮರದ ಕಾಗೆಗಳೆಲ್ಲ ಎದ್ದವು, ಅಕ್ಕಯ್ಯಮ್ಮ ಹೊರಗೆ ಬಂದು “ಏನಾಯ್ತವ್ವಾ” ಎಂದು ಕೂಗಿದರು. ಹುಡುಗಿ ಅನ್ನ ಕಲಸುತ್ತಲೇ ಇದ್ದಳು. ಪರೀಕ್ಷೆಯ ಕಾರ್ಡು ತಂದು ಎದುರಿಗೆ ಕೂತು, ಮಾಸ್ಕ್ ಇಲ್ಲದ ಬಾಯಲ್ಲಿ, ಒಂದಿಷ್ಟೂ ಸದ್ದು ಮಾಡದೆ, “ಈ ಕಾರ್ಡು ಓದ್ತೀಯಾ ಸಿಂಚನ?” ಎಂದೆ. ಅವಳ ಮುಖ ಅರಳಿದ್ದನ್ನು ಈಗಲೂ ಮರೆಯಲಾರೆ. ಎಂಜಲು ಕೈಯನ್ನು ಹಿಂದೆ ಹಿಡಿದುಕೊಂಡು ಕಾರ್ಡು ಪೂರ್ತಿ ಓದಿದಳು. ಎರಡು ಒತ್ತಕ್ಷರದಲ್ಲಿ ಮಾತ್ರ ಎಡವಿದಳು.

ನನಗೆ ಖುಷಿಯಾಗಲಿಲ್ಲ, ನಾಚಿಕೆಯಾಯಿತು. ಕೈಪಿಡಿಯ ಮೊದಲ ಪುಟ ತೆರೆದು ನೋಡಿದೆ. ‘ಮಗುವಿನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ಕಿವಿ ಕೇಳಿಸುತ್ತದೆ ಎಂದು ಖಚಿತವಾದ ಮೇಲೆ ಮುಂದುವರಿಯಿರಿ’ ಎಂದಿತ್ತು. ಎದುರಿನ ಚೌಕದಲ್ಲಿ ನನ್ನ ಟಿಕ್ಕು. ಅಷ್ಟಕ್ಕೇ ಮುಗಿಯಲಿಲ್ಲ. ಬೀರುವಿನಿಂದ ಹಳೆಯ ಹಾಜರಿ ಪುಸ್ತಕ ತೆಗೆಸಿದೆ. ವರ್ಗವಾಗಿ ಹೋದ ಯಾವುದೋ ಶಿಕ್ಷಕಿ ನಾಲ್ಕನೇ ತರಗತಿಯ ಪುಟದಲ್ಲಿ ಸಿಂಚನಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬರೆದಿದ್ದರು: ‘ಚುರುಕು. ಮುಂದಿನ ಬೆಂಚು. ಎದುರಿಗೆ ನಿಂತು ಹೇಳಬೇಕು.’ ಯಾಕೆ ಎದುರಿಗೆ ನಿಲ್ಲಬೇಕು ಎಂದು ಆ ಶಿಕ್ಷಕಿಗೆ ಗೊತ್ತಿರಲಿಲ್ಲವೇನೋ. ನಿಂತರೆ ಹುಡುಗಿ ಕಲಿಯುತ್ತಾಳೆ ಎನ್ನುವುದು ಗೊತ್ತಿತ್ತು. ಸಂಶೋಧನೆ ಹೇಳಿದ್ದೂ ಸರಿ, ತರಗತಿ ಹೇಳಿದ್ದೂ ಸರಿ. ಎರಡರ ನಡುವೆ ತಿರುಗುತ್ತಿದ್ದ ಸೇತುವೆಯಮ್ಮ ಎರಡನ್ನೂ ಓದಿರಲಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯಿತು. ಸದ್ದಿಲ್ಲದೆ ಆಡುವ ತುಟಿ ಓದುವುದನ್ನು ಈ ಹುಡುಗಿಗೆ ಕಲಿಸಿದವರು ಯಾರು?

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ರತ್ನಮ್ಮನ ಕಾರ್ಖಾನೆ ಹುಡುಕಿಕೊಂಡು ಹೋದೆ. ತಗಡಿನ ಉದ್ದನೆಯ ಶೆಡ್ಡು. ಬಾಗಿಲು ದಾಟಿದ ಕೂಡಲೇ ಸದ್ದು ಎದೆಗೇ ಗುದ್ದಿತು. ಸಾಲು ಸಾಲು ನೂಲಿನ ಕದಿರುಗಳು ಗಿರ್ರೆಂದು ತಿರುಗುತ್ತಿದ್ದವು, ನೆಲ ನಡುಗುತ್ತಿತ್ತು. “ರತ್ನಮ್ಮಾ” ಎಂದು ಕಿರುಚಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಆದರೆ ಒಳಗೆ ಹೆಂಗಸರು ಆರಾಮಾಗಿ ಮಾತಾಡುತ್ತಿದ್ದರು. ಈ ಸಾಲಿನಿಂದ ಆ ಸಾಲಿಗೆ, ಬರೀ ತುಟಿಯಲ್ಲಿ. ಒಬ್ಬಳು ಏನೋ ಅಂದಳು, ಹತ್ತು ಮಾರು ಆಚೆ ಇನ್ನೊಬ್ಬಳು ಬಿದ್ದು ಬಿದ್ದು ನಕ್ಕಳು, ನಗುವಿಗೂ ಸದ್ದಿಲ್ಲ. ಕೊನೆಯಲ್ಲಿ ರತ್ನಮ್ಮ ನಿಂತಿದ್ದರು, ಎದುರಿಗೆ ಆಗಲೇ ಮನೆಯಿಂದ ಬುತ್ತಿ ತಂದಿದ್ದ ಸಿಂಚನ. ಅಮ್ಮ ಮಗಳು ಪಟಪಟನೆ ಮಾತಾಡುತ್ತಿದ್ದರು. ಅಷ್ಟು ಜನರಲ್ಲಿ ಕಿವುಡಿ ನಾನೊಬ್ಬಳೇ.

ರತ್ನಮ್ಮನನ್ನು ಹೊರಗೆ ಕರೆದುಕೊಂಡು ಬಂದೆ. ಗೋಡೆಯ ಪಕ್ಕ ನಿಂತು ಎಲ್ಲ ಹೇಳಿದೆ. ಅವಳಿಗೆ ಏನೂ ಸೇರಿಕೊಂಡಿಲ್ಲ, ಕಿವಿ ಕೇಳಿಸುವುದಿಲ್ಲ, ಮಾಸ್ಕ್ ಬಂದ ಮೇಲೆ ಅವಳಿಗೆ ಲೋಕವೇ ಬಾಯಿ ಮುಚ್ಚಿಕೊಂಡಿತು, ತಪ್ಪು ನನ್ನದು ಎಂದೆ.

“ಮಗುವಾಗಿದ್ದಾಗ ಕಿವಿ ಸೋರೋದು,” ಎಂದರು ರತ್ನಮ್ಮ ನಿಧಾನವಾಗಿ. “ಇಲ್ಲೇ ಸೀರೆ ಜೋಲಿ ಕಟ್ಟಿ ಮಲಗಿಸ್ತಿದ್ದೆ. ಮನೇಲೂ ನಾವು ಹಿಂಗೇ ಮಾತಾಡೋದು ಮೇಡಂ. ಬಾಯಲ್ಲಿ. ನಮ್ಮವ್ವನೂ ಮಿಷನ್ನಿಗೇ ಬತ್ತಿದ್ಲು. ಇದಕ್ಕೆ ಕಿವಿ ಕೇಳಾಕಿಲ್ಲ ಅಂತ ನಂಗೆ ಅನ್ನಿಸ್ಲೇ ಇಲ್ಲ. ನಮ್ಮೋರೆಲ್ಲ ಹಂಗೇ ಅಲ್ವಾ.”

“ಹಾಗಾದ್ರೆ ಆಸ್ಪತ್ರೆ ಕಿಟಕಿ ಹತ್ರ ಅವಳು ನೋಡಿದ್ದು ನಿಜ,” ಎಂದೆ. “ಅವಳು ಸುಳ್ಳು ಹೇಳ್ತಿಲ್ಲ. ಅಜ್ಜಿ ನೀರು ಕೇಳಿದ್ದನ್ನ ಅವಳು…”

ಮಾತು ಅರ್ಧಕ್ಕೇ ನಿಂತಿತು. ಆ ಕಿಟಕಿಯ ಆಚೆ ಸಿಂಚನ ಒಬ್ಬಳೇ ನಿಂತಿರಲಿಲ್ಲ.

ರತ್ನಮ್ಮ ನನ್ನನ್ನೇ ನೋಡುತ್ತಿದ್ದರು. ಅವರೂ ಮಾಸ್ಕ್ ಇಳಿಸಿದ ನನ್ನ ಬಾಯನ್ನೇ ನೋಡುತ್ತಿದ್ದರು.

“ನಂಗೂ ಕಾಣ್ತು ಮೇಡಂ,” ಎಂದರು.

ಒಳಗೆ ಮೆಷಿನ್ನುಗಳು ತಿರುಗುತ್ತಿದ್ದವು. ಅವರು ಗೋಡೆಗೆ ಒರಗಿದರು.

“ಮೂರು ಸಲ ಅಂದ್ಲು. ನೀರು, ನೀರು, ನೀರು ಅಂತ. ನನ್ನೇ ನೋಡ್ಕೊಂಡು ಅಂದ್ಲು, ನಂಗೆ ತಿಳೀತದೆ ಅಂತ ಅವಳಿಗೆ ಗೊತ್ತಲ್ಲ. ಗಾಜು ಬಡ್ದೆ. ಒಳಗೆ ನೀಲಿ ಬಟ್ಟೆಯೋರು ಓಡಾಡ್ತಿದ್ರು, ಯಾರೂ ತಿರುಗ್ಲಿಲ್ಲ, ಅವರಿಗೆ ಎಷ್ಟು ಜನವೋ. ಬಾಗ್ಲಲ್ಲಿ ಬಿಡ್ಲಿಲ್ಲ. ಬಾಟ್ಲಿ ನನ್ ಕೈಯಲ್ಲೇ ಇತ್ತು. ಬೆಳಿಗ್ಗೆ ಹೋದ್ರೆ ಅವ್ವನ್ನ ಕಟ್ಟಿಟ್ಟಿದ್ರು. ಊರಿಗೆ ಬಂದು ಏನಂತ ಹೇಳ್ಲಿ? ನಮ್ಮವ್ವ ಬಾಯಾರ್ಕೊಂಡು ಸತ್ಲು, ನಾನು ನೋಡ್ಕೊಂಡ್ ನಿಂತಿದ್ದೆ ಅಂತ ಹೇಳ್ಲಾ? ಶಿವಾ ಶಿವಾ ಅಂದ್ಲು ಅಂದೆ. ಎಲ್ರೂ ಕೈಮುಗುದ್ರು. ನಂಗೂ ಹಂಗೇ ಅಂದ್ಲೇನೋ ಅನ್ನಿಸೋಕೆ ಶುರುವಾಗಿತ್ತು. ಇದು ಬಿಡ್ಲಿಲ್ಲ. ದಿನಾ ಅಜ್ಜಿ ನೀರು ಕೇಳ್ತಾವ್ಳೆ, ಅಜ್ಜಿ ನೀರು ಕೇಳ್ತಾವ್ಳೆ. ಇವಳ ಬಾಯಿ ಮುಚ್ಚಿದ್ರೆ ಸಾಕಿತ್ತು ನಂಗೆ.”

ಸಿಂಚನ ಶೆಡ್ಡಿನ ಬಾಗಿಲಲ್ಲಿ ನಿಂತು ಅಮ್ಮನ ತುಟಿಯನ್ನು ನೋಡುತ್ತಿದ್ದಳು. ಅಷ್ಟನ್ನೂ ಓದಿಕೊಂಡಿದ್ದಳು ಅನ್ನಿಸುತ್ತದೆ. ಬಂದು ಅಮ್ಮನ ಸೊಂಟ ಹಿಡಿದುಕೊಂಡಳು. ರತ್ನಮ್ಮ ಅವಳ ಕೈಯ ಕಪ್ಪು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದರು.

ಸೋಮವಾರ ಸಿಂಚನ ಶಾಲೆಗೆ ಬಂದಳು. ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಆರಡಿ ದೂರ ನಿಂತು, ಮಾಸ್ಕ್ ಇಳಿಸಿ ಪಾಠ ಮಾಡಲು ವಿಮಲ ಮೇಡಂ ಒಪ್ಪಿದರು. ಮೇಲಿನಿಂದ ಯಾರಾದರೂ ಬಂದು ಕೇಳಿದರೆ ಉತ್ತರ ತಾವೇ ಕೊಡುವುದಾಗಿ ಹೇಳಿದರು. ಇನ್ನು ಫೋನು ಬಂದರೆ ಮಾತ್ರ ಅವರು ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಪ್ರೊಫೆಸರಿಗೆ ಎಲ್ಲ ವಿವರವಾಗಿ ಬರೆದೆ. ಅವರು ಕೆಟ್ಟವರಲ್ಲ, ನನ್ನನ್ನು ಬೈಯಲೂ ಇಲ್ಲ. “ಪರೀಕ್ಷೆಯೇ ತಪ್ಪಾಗಿದೆ ಅಂದ ಮೇಲೆ ಆ ಒಂದು ಸಾಲು ತೆಗೆದುಬಿಡು” ಎಂದರು. ತೆಗೆದೆ. ವರದಿಯಲ್ಲಿ ಸಿಂಚನ ಎಲ್ಲೂ ಇಲ್ಲ, ಅವಳಿದ್ದ ಜಾಗದ ಗುರುತೂ ಇಲ್ಲ. ಜನವರಿಯ ಹೊತ್ತಿಗೆ ಮೂರನೇ ಅಲೆ ಎಂದು ಮತ್ತೆ ಗಲಿಬಿಲಿಯಾಯಿತು, ನನ್ನ ಯೋಜನೆಯೂ ಮುಗಿಯಿತು. ಒಂದು ಶಿಬಿರದಲ್ಲಿ ಅವಳ ಎರಡೂ ಕಿವಿಗೆ ಯಂತ್ರ ಸಿಕ್ಕಿತು ಎಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಹೋಗಿ ನೋಡಬೇಕು ಅಂದುಕೊಂಡೇ ಇಷ್ಟು ವರ್ಷ ಕಳೆದೆ. ಅಂದುಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ.

ಮೊನ್ನೆ ಬಸ್ಸಿಳಿದು ಮನೆ ಹುಡುಕಿಕೊಂಡು ಹೋದಾಗ ಜಗಲಿಯ ಮೇಲೆ ಎರಡು ಜಡೆಯ ಬದಲು ಒಂದೇ ಜಡೆಯ ಹುಡುಗಿ ಕೂತು ಓದುತ್ತಿದ್ದಳು. ಎಸ್‌ಎಸ್‌ಎಲ್‌ಸಿ. ಕಿವಿಯ ಹಿಂದೆ ಯಂತ್ರ. ನಾನು ಇನ್ನೂ ಬೇಲಿಯ ಹತ್ತಿರ ಇದ್ದಾಗಲೇ, ಅವಳ ಬೆನ್ನು ನನ್ನ ಕಡೆ ಇದ್ದಾಗಲೇ, “ಸಿಂಚನಾ” ಎಂದು ಕರೆದೆ. ತಿರುಗಿದಳು. ಅಷ್ಟು ಸಾಕಾಯಿತು ನನಗೆ.

“ಬನ್ನಿ ಮೇಡಂ, ಕೂತ್ಕೊಳಿ,” ಎಂದು ರತ್ನಮ್ಮ ಚಾಪೆ ಹಾಸಿ ಕಾಫಿ ಕಾಯಿಸಲು ಒಳಗೆ ಹೋದರು. ತಲೆ ಅರ್ಧ ನರೆತಿತ್ತು. ಸಿಂಚನ ಓದು, ಪರೀಕ್ಷೆ, ಮುಂದೆ ಶಿಕ್ಷಕರ ತರಬೇತಿಗೆ ಸೇರುವ ಆಸೆ ಎಲ್ಲ ಹೇಳಿದಳು. ಕೇಳುತ್ತಿದ್ದ ಹಾಗೇ ನನ್ನ ಕಣ್ಣು ಅವಳ ತಲೆಯ ಮೇಲಿನ ಕಿಟಕಿಗೆ ಹೋಯಿತು. ಹೊಸದಾಗಿ ಗಾಜು ಹಾಕಿಸಿದ್ದರು. ಹೊರಗಡೆ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ. ತುಂಬಿತ್ತು.

“ಇನ್ನೂ ಬಿಟ್ಟಿಲ್ವೇನೇ ಇದನ್ನ?” ಎಂದು ನಗುತ್ತಾ ಕೇಳಿದೆ.

“ನಾನು ಬಿಟ್ಟು ಯಾವ ಕಾಲ ಆಯ್ತು ಮೇಡಂ. ಅಮ್ಮ ಇಡೋದು.”

ಗಾಜಿನಾಚೆ ರತ್ನಮ್ಮ ಬಂದು ನಿಂತಿದ್ದರು. ನಮ್ಮನ್ನು ನೋಡುತ್ತಿರಲಿಲ್ಲ. ನಮಗಿಂತ ಕೊಂಚ ಎತ್ತರಕ್ಕೆ, ಲೋಟದ ಮುಂದೆ ಯಾರೋ ನಿಂತಿದ್ದರೆ ಅವರ ಮುಖ ಇರುವ ಕಡೆ ನೋಡುತ್ತಿದ್ದರು. ತುಟಿ ಆಡುತ್ತಿತ್ತು, ಸದ್ದಿರಲಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳುತ್ತಿದ್ದಾರೇನೋ ಎಂದುಕೊಂಡು ನಾನು ಸಿಂಚನಳ ಕಡೆ ತಿರುಗಿದೆ.

“ಏನಂತಿದಾರೆ?”

ಸಿಂಚನ ಕಿಟಕಿಯ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು.

“ನಮಗಲ್ಲ ಮೇಡಂ,” ಅಂದಳು. “ಅಜ್ಜಿಗೆ. ಕುಡಿಯವ್ವಾ ಅಂತವ್ಳೆ.”